ಕೌಸಾನಿಗೆ ಬಂದ ಲಂಡನ್ನಿನ ಹೆಣ್ಣುಮಗಳು



ಪರದೇಶಕ್ಕೆ ಹೋಗಿ ಅಲ್ಲಿನ ಎಳೆಯರ ನಡುವೆ ಸೇವೆ ಮಾಡಬೇಕೆಂಬ ಹಂಬಲ ಇಂದು ಅನೇಕರಲ್ಲಿದೆ. ಹಾಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಆ ನಾಡಿನ ಕೊರತೆಗಳು. ಶಾಲೆಯಿಲ್ಲ, ರಸ್ತೆಯಿಲ್ಲ, ಓದು ಬಲ್ಲವರಿಲ್ಲ ಎಂಬ ಪಟ್ಟಿ ಮೊದಲ ವಾರದಲ್ಲೇ ಸಿದ್ಧವಾಗಿಬಿಡುತ್ತದೆ. ಇಂಥ ಪಟ್ಟಿ ಹಿಡಿದು ಬಂದವರನ್ನು ಗುಡ್ಡಗಾಡಿನ ಜನ ಸಾಕಷ್ಟು ಕಂಡಿದ್ದಾರೆ. ಬೇರೆ ಬಗೆಯಲ್ಲಿ ನೋಡಿದ ಒಬ್ಬರ ವೃತ್ತಾಂತವನ್ನು ಇಲ್ಲಿ ಹೇಳಬೇಕಾಗಿದೆ.

ಕ್ಯಾಥರಿನ್ ಮೇರಿ ಹೈಲ್‌ಮನ್ 1901ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಜರ್ಮನ್-ಸ್ವಿಸ್ ಮೂಲದವರು. ಆ ಒಂದೇ ಕಾರಣಕ್ಕೆ ಮೊದಲ ಮಹಾಯುದ್ಧದ ಕಾಲದಲ್ಲಿ ಅವರನ್ನು ಬಂಧನದಲ್ಲಿಡಲಾಯಿತು. ಮಗಳಿಗೆ ಶಾಲೆಯಲ್ಲಿ ವಿದ್ಯಾರ್ಥಿವೇತನ ತಪ್ಪಿತು. ಹುಟ್ಟಿದ ಊರಿನಲ್ಲೇ ಪರಕೀಯಳಾಗಿ ಬೆಳೆದ ಈಕೆಗೆ ಮುಂದೆ ಭಾರತೀಯ ವಿದ್ಯಾರ್ಥಿಗಳ ಮೂಲಕ ಗಾಂಧೀಜಿಯ ವಿಚಾರಗಳ ಪರಿಚಯವಾಯಿತು. 1932ರಲ್ಲಿ ಭಾರತಕ್ಕೆ ಬಂದು ಸರಳಾ ಬೆಹನ್ ಎನಿಸಿದರು. ಮೊದಲು ಉದಯಪುರದ ಶಾಲೆಯಲ್ಲಿ, ಅನಂತರ ಸೇವಾಗ್ರಾಮದಲ್ಲಿ ದುಡಿದರು. ಅಲ್ಲಿನ ಬಿಸಿಲು, ಮಲೇರಿಯಾಗಳಿಂದ ದೇಹ ಸೋತಾಗ ಹಿಮಾಲಯದ ತಪ್ಪಲಿನ ಕೌಸಾನಿಗೆ ಬಂದರು.

ಕೌಸಾನಿಗೆ ಹೋದವರೆಲ್ಲ ನೋಡುವುದು ನಂದಾದೇವಿ, ತ್ರಿಶೂಲಗಳ ಹಿಮಶಿಖರಗಳನ್ನು. ಸರಳಾ ಬೆಹನ್ ನೋಡಿದ್ದು ಶಿಖರಗಳ ಕೆಳಗಿನ ಕಾಲುದಾರಿಗಳನ್ನು. 1942ರ ಚಳವಳಿಯಲ್ಲಿ ಗಂಡಸರು ಸೆರೆಮನೆ ಸೇರಿದಾಗ ಅವರ ಮನೆಮಂದಿಯನ್ನು ಕಾಣಲು ಆಕೆ ಹಳ್ಳಿಯಿಂದ ಹಳ್ಳಿಗೆ ನಡೆದರು. ಸರ್ಕಾರದ ನಿರ್ಬಂಧವನ್ನು ಮೀರಿದ್ದಕ್ಕೆ ಎರಡು ಬಾರಿ ಸೆರೆವಾಸವನ್ನೂ ಅನುಭವಿಸಿದರು. ಆ ದಾರಿಗಳಲ್ಲಿ ಎದುರಾದವರು ಹೆಂಗಸರು. ತಲೆಯ ಮೇಲೆ ಹುಲ್ಲಿನ ಹೊರೆ, ಕಟ್ಟಿಗೆಯ ಹೊರೆ, ನೀರಿನ ಕೊಡ. ಗದ್ದೆಗೆ ಗೊಬ್ಬರ ಹೊರುವವರೂ ಅವರೇ. ಗುಡ್ಡದ ಬದುಕೆಲ್ಲ ನಿಂತಿದ್ದುದು ಆ ಬೆನ್ನುಗಳ ಮೇಲೆ. ಆದರೂ ಮನೆಯಲ್ಲಿ ಅವರ ಮಾತಿಗೆ ಬೆಲೆಯಿರಲಿಲ್ಲ.

1946ರಲ್ಲಿ ಕೌಸಾನಿಯಲ್ಲಿ ಹೆಣ್ಣುಮಕ್ಕಳಿಗಾಗಿ ಲಕ್ಷ್ಮೀ ಆಶ್ರಮ ಆರಂಭವಾಯಿತು. ಬಂದ ಹುಡುಗಿಯರು ಬೆರಳೆಣಿಕೆಯಷ್ಟು. ಮಗಳು ಓದಲು ಹೋದರೆ ಹುಲ್ಲು ಕೊಯ್ಯುವವರು ಯಾರು ಎಂಬುದು ತಂದೆತಾಯಿಯರ ಚಿಂತೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಕೊಟ್ಟಿಗೆಯಲ್ಲಿ ದನ ಕಟ್ಟಿರುವ ಯಾರಿಗೂ ಆ ಚಿಂತೆಯ ತೂಕ ತಿಳಿದಿದೆ. ಆಶ್ರಮದ ಪಾಠಕ್ರಮದಲ್ಲಿ ಹೊಲದ ಕೆಲಸ, ಹಸು ಸಾಕಣೆ, ನೂಲುವುದು, ಅಡುಗೆ ಇವೆಲ್ಲ ಓದುಬರಹದ ಜೊತೆಯಲ್ಲೇ ಇದ್ದವು. ದುಡಿಮೆ ಬಲ್ಲ ಹುಡುಗಿಗೆ ದುಡಿಮೆಯ ಲೆಕ್ಕವೂ, ಕಾಡು ಏಕೆ ಸವೆಯುತ್ತಿದೆ ಎಂಬ ವಿಚಾರವೂ, ಸಭೆಯಲ್ಲಿ ಎದ್ದು ಮಾತನಾಡುವ ಧೈರ್ಯವೂ ಬರಬೇಕೆಂಬುದು ಆಕೆಯ ಅಪೇಕ್ಷೆ.

ಅದು ಎಷ್ಟು ಫಲಿಸಿತೆಂಬುದಕ್ಕೆ ಆ ಶಿಷ್ಯೆಯರೇ ಸಾಕ್ಷಿ. ರಾಧಾ ಭಟ್ ಮುಂದೆ ಆಶ್ರಮವನ್ನೇ ನಡೆಸಿದರು. ವಿಮಲಾ ನೌಟಿಯಾಲ್, ಪಕ್ಷ ರಾಜಕೀಯ ಬಿಟ್ಟು ಹಳ್ಳಿಯಲ್ಲಿ ನೆಲೆಸಿದರೆ ಮಾತ್ರ ಮದುವೆ ಎಂದು ಷರತ್ತು ಹಾಕಿದರು. ಅದಕ್ಕೆ ಒಪ್ಪಿ 1956ರಲ್ಲಿ ಅವರ ಕೈಹಿಡಿದವರು ಸುಂದರಲಾಲ್ ಬಹುಗುಣ. 1970ರ ದಶಕದಲ್ಲಿ ಚಿಪ್ಕೋ ಚಳವಳಿಯ ಸಂದೇಶವನ್ನು ಅವರು ಊರೂರಿಗೆ ಒಯ್ದರು. ಅದೇ ಪ್ರೇರಣೆಯಿಂದ 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನರು ಮರಗಳನ್ನು ಅಪ್ಪಿ ನಿಂತರು.

ಅದಕ್ಕೆ ಒಂದು ವರ್ಷ ಮೊದಲು, 1982ರ ಜುಲೈಯಲ್ಲಿ, ಸರಳಾ ಬೆಹನ್ ಆ ಗುಡ್ಡಗಳ ನಡುವೆಯೇ ತೀರಿಕೊಂಡಿದ್ದರು.