ಜ್ವರ ಬಂದರೆ ಫೋನಿಗೆ ಕಾಯಬೇಡಿ
(ಸೊಹಾರ್‌ನ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿ ಲೆಕ್ಕ ಬರೆಯುವವ. ಇವತ್ತು ಹೇಳುವುದೂ ಒಂದು ಲೆಕ್ಕವೇ.

ಇಲ್ಲಿನ ನಮ್ಮ ಗೆಳೆಯರೊಬ್ಬರ ಮಗಳಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಊರಲ್ಲಿ ಕೀಮೋ ನಡೀತಾ ಇತ್ತು. ಒಂದು ರಾತ್ರಿ ಜ್ವರ ಬಂತು. ಇವರು ನೈಟ್ ಡ್ಯೂಟಿಯಲ್ಲಿ, ಫೋನ್ ಲಾಕರ್‌ನಲ್ಲಿ. "ಅವರನ್ನು ಕೇಳದೆ ಹೇಗೆ ಹೋಗುವುದು, ಹಣ ಎಷ್ಟು ಬೇಕೋ" ಅಂತ ಹೆಂಡತಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾದರು. ಬೆಳಿಗ್ಗೆ ಮಗು ಐಸಿಯುನಲ್ಲಿ. ಅಲ್‌ಹಮ್ದುಲಿಲ್ಲಾಹ್, ಉಳಿಯಿತು.

ಲೆಕ್ಕ ಇಷ್ಟೇ. ರೋಗಾಣುಗಳ ಜೊತೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1500ಕ್ಕಿಂತ ಹೆಚ್ಚಿರುತ್ತದೆ. ಕೀಮೋ ನಂತರ ಅದು 500ಕ್ಕಿಂತ ಕೆಳಗೆ ಇಳಿಯಬಹುದು. ಆಗ ಮಗುವಿನ ಸ್ವಂತ ಕರುಳಲ್ಲಿ, ಚರ್ಮದಲ್ಲಿ ಇರುವ ಬ್ಯಾಕ್ಟೀರಿಯಾವೇ ರಕ್ತಕ್ಕೆ ಇಳಿಯಬಹುದು. ಹಾಗಾಗಿ ತಾಯಿಯನ್ನು ದೂರಬೇಡಿ. ಕೀವು, ಬಾವು ಏನೂ ಕಾಣದೆ ಜ್ವರ ಮಾತ್ರ ಇರಬಹುದು. ಕೆಲವೊಮ್ಮೆ ಜ್ವರವೂ ಇರದೆ ಮಗು ನಡುಗುತ್ತದೆ, ಮಂಕಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ.

ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ತೋರಿಸಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಮಾತ್ರೆ ಕೊಟ್ಟು ಕಾಯಬಾರದು. ಜ್ವರ ಅಡಗುತ್ತದೆ, ಸೋಂಕು ಅಡಗುವುದಿಲ್ಲ. ಆಸ್ಪತ್ರೆಗೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಎಂಬುದು ವೈದ್ಯರ ಗುರಿ. "ಮಗುವಿಗೆ ಕೀಮೋ ನಡೀತಾ ಉಂಟು" ಅಂತ ಬಾಗಿಲಲ್ಲೇ ಹೇಳಿ, ಫೈಲ್ ತೋರಿಸಿ.

ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆದು ಊರಿಗೆ ಬಂದ ಮಗುವಿಗೆ ರಾತ್ರಿ ಜ್ವರ ಬಂದರೆ ಬೆಂಗಳೂರು ಹತ್ತಿರವಿಲ್ಲ. ಸೊಹಾರ್‌ನಲ್ಲಿ ಇರುವವರಿಗೆ ಮಸ್ಕತ್ ಕೂಡ ಇನ್ನೂರು ಕಿಲೋಮೀಟರ್. ಮೊದಲ ಡೋಸ್ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ಡಿಸ್ಚಾರ್ಜ್ ದಿನವೇ ಡಾಕ್ಟರರನ್ನು ಕೇಳಿ ಬರೆದಿಡಿ.

ಸಹೋದರರೇ, ನಮ್ಮ ಕೆಲಸ ಇನ್ನೊಂದು ಉಂಟು. ಮನೆಯಲ್ಲಿ ಒಂದು ಕವರಿನಲ್ಲಿ ಹಣ, ಫೈಲ್, ರಿಕ್ಷಾದವನ ನಂಬರ್ ಇಡಿಸಿ. "ಜ್ವರ ಬಂದರೆ ನನ್ನನ್ನು ಕೇಳಬೇಡ, ಹೊರಡು; ಆಮೇಲೆ ಹೇಳು" ಅಂತ ಇವತ್ತೇ ಹೆಂಡತಿಗೂ ಮನೆಯ ಹಿರಿಯರಿಗೂ ಹೇಳಿ.

ಈ ಕಾಯಿಲೆಯಿಂದ ಎಷ್ಟೋ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಗುಣವಾಗುವ ಮಗುವನ್ನು ಒಂದು ರಾತ್ರಿಯ ಕಾಯುವಿಕೆಗೆ ಕಳಕೊಳ್ಳುವುದು ಬೇಡ.