ಅಂಕಿತನಾಮದ ದೊಡ್ಡಕ್ಷರ

(ಶಾಲಾ ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳ ಇಂಗ್ಲಿಷ್ ಹಿಂದೆ ಬೀಳುವುದಿಲ್ಲವೇ ಎಂಬ ಪ್ರಶ್ನೆಯನ್ನು ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರು ಪ್ರತಿವರ್ಷವೂ ಎದುರಿಸುತ್ತಾರೆ. ಅದಕ್ಕೆ ಅಭಿಮಾನದ ಮಾತಿನಿಂದ ಉತ್ತರಿಸುವುದಕ್ಕಿಂತ ಪಾಠದಿಂದ ಉತ್ತರಿಸುವುದು ಲೇಸು. ಆದುದರಿಂದ ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳಲ್ಲೊಂದಾದ ಕಾಮನ್ ನೌನ್ ಮತ್ತು ಪ್ರಾಪರ್ ನೌನ್‌ಗಳ ಭೇದವನ್ನೇ ಇಂದು ಎತ್ತಿಕೊಂಡಿದ್ದೇನೆ.

ಈ ಭೇದ ನಮ್ಮ ಮಕ್ಕಳಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಪರಂಪರೆಯಲ್ಲಿ ಬೆಳೆದ ನಮ್ಮ ಶಾಲಾ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನದಿ, ಊರು, ಹುಡುಗ ಎಂಬವು ರೂಢನಾಮಗಳು. ಚಂದ್ರಗಿರಿ, ಕುಂಬಳೆ, ಗಣೇಶ ಎಂಬವು ಅಂಕಿತನಾಮಗಳು. ವ್ಯಾಪಾರಿ, ವಿದ್ವಾಂಸ, ಶಿಕ್ಷಕ ಎಂಬವು ವೃತ್ತಿಯನ್ನೋ ಗುಣವನ್ನೋ ಅನುಸರಿಸಿ ಬಂದ ಅನ್ವರ್ಥನಾಮಗಳು. ಇಂಗ್ಲಿಷಿನಲ್ಲಿ ಈ ಮೂರನೆಯ ಗುಂಪಿಗೆ ಪ್ರತ್ಯೇಕ ಸ್ಥಾನವಿಲ್ಲ. ಅದು ಕಾಮನ್ ನೌನ್‌ನೊಳಗೇ ಸೇರುತ್ತದೆ. ಮೂರನ್ನು ಬಲ್ಲ ಮಗುವಿಗೆ ಎರಡನ್ನು ಕಲಿಯುವುದು ಕಷ್ಟವೇ?

ಕಷ್ಟವಿರುವುದು ಬೇರೆಡೆಯಲ್ಲಿ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಲ್ಲ. ಇಂಗ್ಲಿಷಿನಲ್ಲಾದರೋ ಅಂಕಿತನಾಮ ವಾಕ್ಯದ ಯಾವ ಮೂಲೆಯಲ್ಲಿದ್ದರೂ ದೊಡ್ಡಕ್ಷರದಿಂದಲೇ ಮೊದಲಾಗಬೇಕು. ವಾರಗಳ ಮತ್ತು ತಿಂಗಳುಗಳ ಹೆಸರುಗಳಿಗೂ ಆ ಗೌರವವುಂಟು. ಬೇಸಗೆ, ಚಳಿಗಾಲಗಳಿಗೆ ಇಲ್ಲ. ಭಾಷೆಗಳ ಹೆಸರುಗಳೂ ಹಾಗೆಯೇ. ಸಪ್ತಭಾಷಾ ಸಂಗಮವೆನಿಸಿದ ನಮ್ಮ ನಾಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಏಳಕ್ಕೂ ಏಳು ದೊಡ್ಡಕ್ಷರಗಳು ಬೇಕು. ಮಾತನಾಡುವವರ ಸಂಖ್ಯೆಯನ್ನು ನೋಡಿ ವ್ಯಾಕರಣ ಯಾವ ಭಾಷೆಯನ್ನೂ ಕಿರಿದುಗೊಳಿಸುವುದಿಲ್ಲ.

ಬೇಕಲ ಕೋಟೆಯ ಉದಾಹರಣೆಯನ್ನು ನೋಡೋಣ. ‘ಬೇಕಲ್ ಫೋರ್ಟ್’ ಎಂದು ಪೂರ್ಣ ಹೆಸರನ್ನು ಬರೆದಾಗ ಎರಡು ಪದಗಳಿಗೂ ದೊಡ್ಡಕ್ಷರ. ‘ನಾವು ಆ ಕೋಟೆಗೆ ಹೋದೆವು’ ಎಂಬ ಅರ್ಥದ ವಾಕ್ಯದಲ್ಲಿ ಅದೇ ‘ಫೋರ್ಟ್’ ಸಣ್ಣಕ್ಷರಕ್ಕಿಳಿದು, ಹಿಂದೆ ‘ದ’ ಎಂಬ ಆರ್ಟಿಕಲ್ಲನ್ನು ಬೇಡುತ್ತದೆ. ಪದ ಅದೇ, ಪದವಿ ಬೇರೆ. ಅಂಕಿತನಾಮಕ್ಕೆ ಸಾಮಾನ್ಯವಾಗಿ ಆರ್ಟಿಕಲ್ ಬೇಡ, ಏಕೆಂದರೆ ಅದು ಒಂದನ್ನೇ ಗೊತ್ತುಮಾಡಿ ತೋರಿಸುತ್ತದೆ. ಆದರೆ ನದಿ, ಸಮುದ್ರ, ಪರ್ವತಶ್ರೇಣಿಗಳ ಹೆಸರುಗಳ ಹಿಂದೆ ‘ದ’ ಬರುತ್ತದೆ: ಚಂದ್ರಗಿರಿ ಹೊಳೆಗೆ ಬೇಕು, ಕಾಸರಗೋಡು ಪೇಟೆಗೆ ಬೇಡ. ಹಿಮಾಲಯಕ್ಕೆ ಬೇಕು, ಎವರೆಸ್ಟ್ ಶಿಖರದ ಹೆಸರಿಗೆ ಬೇಡ.

ಈ ಎರಡು ಗುಂಪುಗಳ ನಡುವಿನ ಗಡಿಯನ್ನು ಪದಗಳು ದಾಟುವುದೂ ಉಂಟು. ನಿದ್ದೆಬಡುಕನನ್ನು ನಾವು ಕುಂಭಕರ್ಣನೆನ್ನುತ್ತೇವೆ. ಇಂಗ್ಲಿಷಿನಲ್ಲಿ ಹಾಗೆ ಹೇಳಬೇಕಾದರೆ ‘ಎ ಕುಂಭಕರ್ಣ’ ಎಂದು ಆರ್ಟಿಕಲ್ ಸೇರಿಸಬೇಕು. ಕೋಯಿಕ್ಕೋಡನ್ನು ಇಂಗ್ಲಿಷರು ಕ್ಯಾಲಿಕಟ್ ಎಂದರು. ಅಲ್ಲಿಂದ ಹಡಗೇರಿದ ಹತ್ತಿಬಟ್ಟೆ ಊರಿನ ಹೆಸರನ್ನೇ ಹೊತ್ತು ‘ಕ್ಯಾಲಿಕೋ’ ಎಂಬ ಸಣ್ಣಕ್ಷರದ ಪದವಾಯಿತು. ವಿಜ್ಞಾನಿ ನ್ಯೂಟನ್‌ನ ಹೆಸರಿಗೆ ದೊಡ್ಡಕ್ಷರ; ಬಲದ ಮಾನವಾದ ನ್ಯೂಟನ್‌ಗೆ, ಅದನ್ನು ಪೂರ್ಣಪದವಾಗಿ ಬರೆಯುವಾಗ, ಸಣ್ಣಕ್ಷರ.

ಹೆತ್ತವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ರೂಢನಾಮದ ಕಾಗುಣಿತಕ್ಕೆ ನಿಘಂಟು ಪ್ರಮಾಣ. ಅಂಕಿತನಾಮಕ್ಕೆ ಹೆಸರುಳ್ಳವರೇ ಪ್ರಮಾಣ, ಅವರ ದಾಖಲೆಯೇ ಸಾಕ್ಷಿ. ಲತಾ ಎಂಬ ಹೆಸರಿನ ‘ತ’ಕಾರವನ್ನು ದಕ್ಷಿಣದಲ್ಲಿ ಟಿ ಅಕ್ಷರದೊಡನೆ ಎಚ್ ಸೇರಿಸಿ ಬರೆಯುವುದು ರೂಢಿ, ಉತ್ತರದಲ್ಲಿ ಟಿ ಒಂದೇ ಸಾಕು. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮತ್ತೊಂದು ಆದರೆ, ಒಂದೇ ಮಗು ಕಚೇರಿಗಳ ಕಣ್ಣಿಗೆ ಮೂವರಾಗುತ್ತದೆ. ಹೆಸರು ನೋಂದಾಯಿಸುವ ದಿನವೇ ಅಕ್ಷರ ಅಕ್ಷರವಾಗಿ ಓದಿ ನೋಡಿರಿ.

ಊರ ಹೆಸರಿಗೂ ಇದೇ ನ್ಯಾಯ. ಹೊಸ ಎಂಬುದು ಗುಣವಾಚಕ, ದುರ್ಗ ಎಂಬುದು ರೂಢನಾಮ. ಎರಡೂ ಕೂಡಿ ಹೊಸದುರ್ಗವಾದಾಗ ಅದು ಅಂಕಿತನಾಮ. ರೂಢನಾಮವನ್ನು ಭಾಷೆಯಿಂದ ಭಾಷೆಗೆ ಅನುವಾದಿಸಬಹುದು, ಅನುವಾದಿಸಲೇಬೇಕು. ಅಂಕಿತನಾಮವನ್ನು ಅನುವಾದಿಸಿದರೆ ಅರ್ಥ ಉಳಿದೀತು, ಊರು ಕಳೆದುಹೋದೀತು. ಇಂಗ್ಲಿಷಿನಲ್ಲಿ ಹೊಸದುರ್ಗವನ್ನು ‘ನ್ಯೂ ಫೋರ್ಟ್’ ಎಂದು ಯಾರೂ ಬರೆಯುವುದಿಲ್ಲವಷ್ಟೆ. ಮಲಯಾಳ ನುಡಿಯುವ ನೆರೆಯವರು ಮಂಜೇಶ್ವರವನ್ನು ‘ಮಂಜೇಶ್ವರಂ’ ಎಂದರೆ ಅದು ಅವರ ನುಡಿಯ ಸಹಜ ಜಾಯಮಾನ, ಅದಕ್ಕೆ ಮುನಿಯಬೇಕಾಗಿಲ್ಲ. ಆದರೆ ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಆ ಊರನ್ನು ನಮ್ಮ ಮಕ್ಕಳು ತಮ್ಮ ಪುಸ್ತಕದಲ್ಲಿ ‘ಮಂಜೇಶ್ವರ’ವೆಂದೇ ಬರೆಯಲಿ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಬದಲಾಯಿತು. ಊರ ಹೆಸರನ್ನು ಉಳಿಸಿಕೊಳ್ಳುವ ಕೆಲಸ ಅಂದಿನಿಂದ ಬಹುಮಟ್ಟಿಗೆ ಶಾಲೆಯ ಕರಿಹಲಗೆಯ ಮೇಲೆಯೇ ನಡೆದಿದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಈ ಪಾಠವನ್ನು ಲಂಡನ್, ಜಾನ್, ಥೇಮ್ಸ್‌ಗಳಿಂದ ಆರಂಭಿಸಬೇಡಿರಿ. ಮಗುವಿನ ಹೆಸರು, ಮನೆಯ ಹೆಸರು, ಊರಿನ ಹೊಳೆ, ಬಸ್ಸಿನ ಹಲಗೆ—ಇವುಗಳಿಂದ ಆರಂಭಿಸಿರಿ. ಮೊದಲು ಕನ್ನಡದಲ್ಲಿ ರೂಢ, ಅಂಕಿತಗಳೆಂದು ಬೇರ್ಪಡಿಸಲಿ. ಬಳಿಕ ಇಂಗ್ಲಿಷಿನಲ್ಲಿ ಬರೆದು ದೊಡ್ಡಕ್ಷರವಿಡಲಿ. ಕಂಠಪಾಠದ ವ್ಯಾಖ್ಯೆಗಿಂತ ಇದು ಹೆಚ್ಚು ಕಾಲ ನಿಲ್ಲುತ್ತದೆ. ಕನ್ನಡ ಇಂಗ್ಲಿಷಿಗೆ ಅಡ್ಡಗೋಡೆಯಲ್ಲ, ಮೆಟ್ಟಿಲು ಎಂಬುದು ಅಲ್ಲಿ ತಾನಾಗಿಯೇ ತಿಳಿಯುತ್ತದೆ.

‘ಶಾಲೆ’ ಎಂಬುದು ರೂಢನಾಮ. ಜಗತ್ತಿನಲ್ಲಿ ಶಾಲೆಗಳು ಅಸಂಖ್ಯ. ಅವುಗಳಲ್ಲೊಂದು ನೂರು ವರ್ಷ ಒಂದು ಊರಿನ ಮಕ್ಕಳಿಗೆ ಅವರ ನುಡಿಯಲ್ಲೇ ಅಕ್ಷರ ಕಲಿಸಿದರೆ, ಆ ಊರಿನ ಬಾಯಲ್ಲಿ ಅದು ಅಂಕಿತನಾಮವೇ ಆಗುತ್ತದೆ. ಆ ಹೆಸರು ದೊಡ್ಡಕ್ಷರದಲ್ಲಿಯೇ ಮುಂದುವರಿಯಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.