ಅಪ್ಪ ಏನು ಮಾಡ್ತಾರೆ?

ಫಲಿತಾಂಶದ ದಿನ ನಮ್ಮ ಚಾನೆಲ್‌ಗಳಲ್ಲಿ ಪ್ರತಿವರ್ಷ ಒಂದು ಸಾಲು ಓಡುತ್ತೆ: ಕರಾವಳಿಯೇ ಮೊದಲು. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಅದೇ ತಿರುಗಾಮುರುಗಾ. ಉಡುಪಿ ಮೊದಲು, ಶೇಕಡಾ 93.90. ನಾವು ಕ್ಯಾಮೆರಾ ಹಿಡ್ಕೊಂಡು ಹೋಗ್ತೇವೆ. ಅಪ್ಪ ಅಮ್ಮ ಮಗಳ ಬಾಯಿಗೆ ಲಾಡು ಹಾಕ್ತಾರೆ. "ಮುಂದೆ ಏನಾಗ್ಬೇಕು ಅಂತ ಇದ್ದೀಯಮ್ಮ?" ಅಂತ ಕೇಳ್ತೇವೆ. ಮಗು ಏನೋ ಒಂದು ಹೇಳುತ್ತೆ. ಅಲ್ಲಿಗೆ ಸುದ್ದಿ ಮುಗೀತು.

ನನಗನ್ನಿಸೋದು, ನಿಜವಾದ ಸುದ್ದಿ ಇರೋದು ಆ ಉತ್ತರದಲ್ಲಿ.

ಸ್ವಲ್ಪ ಗಮನ ಕೊಟ್ಟು ಕೇಳಿ ನೋಡಿ. ಮಣಿಪಾಲದ ಡಾಕ್ಟರ ಮನೆಯ ಮಗು ಯಾವ ಕೋರ್ಸು, ಯಾವ ಕಾಲೇಜು, ಅದರ ನಂತರ ಎಲ್ಲಿ ಪಿಜಿ ಅಂತ ಪಟಪಟ ಹೇಳುತ್ತೆ. ಕಾಪುವಿನಲ್ಲಿ ಮೀನುಗಾರರ ಮನೆಯ ಹುಡುಗ, ಅಷ್ಟೇ ಮಾರ್ಕು ತೆಗೆದವನು, "ನೋಡ್ಬೇಕು ಸರ್, ಏನಾದ್ರೂ ಒಂದು ಕೆಲಸ" ಅಂತಾನೆ. ಬುದ್ಧಿ ಕಡಿಮೆಯೇ? ಅಲ್ಲ. ಆಸೆ ಕಡಿಮೆಯೇ? ಅದೂ ಅಲ್ಲ. ಕಂಡದ್ದನ್ನು ತಾನೇ ಮನುಷ್ಯ ಬಯಸೋದು? ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ದೇಶ ವಿದೇಶದಿಂದ ಮಕ್ಕಳು ಹುಡುಕಿಕೊಂಡು ಬಂದ್ರು. ಆದರೆ ಅದೇ ಜಿಲ್ಲೆಯ ಎಷ್ಟೋ ಮನೆಗಳಿಗೆ ಮಣಿಪಾಲ ಅಂದ್ರೆ ಇವತ್ತಿಗೂ ಅಜ್ಜಿಯನ್ನು ಅಡ್ಮಿಟ್ ಮಾಡಿದ ಆಸ್ಪತ್ರೆ, ಇಲ್ಲವೇ ದೊಡ್ಡಮ್ಮ ಗುಡಿಸಿ ಒರೆಸುವ ಕೆಲಸಕ್ಕೆ ಹೋಗುವ ಜಾಗ. ಊರು ಒಂದೇ, ಬಾಗಿಲು ಬೇರೆ ಬೇರೆ.

ಇದು ಬಯಕೆಯ ಮಾತಾಯ್ತು. ಬಯಕೆ ಸಮ ಇದ್ದರೂ ಸಾಕಾಗೋದಿಲ್ಲ. ನಾನು ಕಣ್ಣಾರೆ ಕಂಡದ್ದನ್ನೇ ಹೇಳ್ತೇನೆ.

ಎಂಜಿನಿಯರಿಂಗ್‌ನಲ್ಲಿ ನನ್ನ ಕ್ಲಾಸಲ್ಲಿ ಕಾರ್ಕಳ ಕಡೆಯವನೊಬ್ಬ ಇದ್ದ. ಅಮ್ಮ ಬೀಡಿ ಕಟ್ಟಿ ಓದಿಸಿದವರು. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಇದ್ದರೂ ನಿರೂಪಣೆ ಅವನದೇ. ಕನ್ನಡ, ತುಳು ಎರಡೂ ನನಗಿಂತ ಚೆಂದ. ಟೀವಿಗೆ ಹೋಗ್ಬೇಕು ಅನ್ನೋ ಹುಚ್ಚು ಇಬ್ಬರಿಗೂ ಇತ್ತು. ಕೊನೆಯ ವರ್ಷ ಇಬ್ಬರಿಗೂ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಆಯ್ತು. ನಾನು ಒಂದೂವರೆ ವರ್ಷಕ್ಕೆ ಬಿಟ್ಟುಬಂದೆ. ನನ್ನಪ್ಪ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಪೆನ್ಶನ್ ಬರ್ತಿತ್ತು. "ಎರಡು ವರ್ಷ ನೋಡು ಮಾರಾಯ, ಆಗದಿದ್ರೆ ವಾಪಸ್ ಹೋದ್ರಾಯ್ತು" ಅಂದ್ರು. ಅವನ ಅಮ್ಮನಿಗೂ ಮಗನ ಮೇಲೆ ಅಷ್ಟೇ ಪ್ರೀತಿ, ಅಷ್ಟೇ ನಂಬಿಕೆ. ಆದರೆ ಆ ಮಾತು ಹೇಳುವ ಹಾಗಿರಲಿಲ್ಲ. ಶಿಕ್ಷಣ ಸಾಲದ ಕಂತು ಶುರುವಾಗಿತ್ತು, ತಂಗಿ ಡಿಗ್ರಿಯಲ್ಲಿದ್ದಳು, ಮಳೆಗಾಲಕ್ಕೆ ಮಾಡು ಸೋರ್ತಿತ್ತು.

ಅವನು ಈಗಲೂ ಅದೇ ಕ್ಷೇತ್ರದಲ್ಲಿ ಚೆನ್ನಾಗಿದ್ದಾನೆ, ಮನೆ ಕಟ್ಟಿಸಿದ್ದಾನೆ. ಅಯ್ಯೋ ಪಾಪ ಅನ್ನಬೇಕಾದ ಕಥೆ ಅಲ್ಲ ಇದು. ಆದರೆ ನನ್ನ ಹತ್ತಿರ ಇದ್ದು ಅವನ ಹತ್ತಿರ ಇಲ್ಲದಿದ್ದದ್ದು ಏನು? ಪ್ರತಿಭೆಯಲ್ಲ, ಎರಡು ವರ್ಷ. ಕಾಯೋದಕ್ಕೆ ಎರಡು ವರ್ಷ.

ನಾವು ಅಂತಸ್ತು ಅಂದ ತಕ್ಷಣ ಕಾರು, ಬಂಗಲೆ ಅಂದ್ಕೊಳ್ತೇವೆ. ಕೆಲಸದ ವಿಷಯದಲ್ಲಿ ಅಂತಸ್ತು ಅಂದ್ರೆ ಮುಖ್ಯವಾಗಿ ಕಾಯುವ ತಾಕತ್ತು. ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ವಾ, ಇನ್ನೊಂದು ವರ್ಷ ಕೋಚಿಂಗ್. ಒಳ್ಳೇ ಜಾಗದಲ್ಲಿ ಸಂಬಳ ಇಲ್ಲದ ಇಂಟರ್ನ್‌ಶಿಪ್ ಸಿಕ್ತಾ, ಆರು ತಿಂಗಳು ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಅಪ್ಪ ಕಟ್ತಾರೆ. ಯುಪಿಎಸ್‌ಸಿಯಾ, ಮೂರು ಸಲ ಬರೀಬಹುದು. ಕಾಯಲಾರದವರು ಮೊದಲು ತೆರೆದ ಬಾಗಿಲೊಳಗೆ ಹೋಗ್ತಾರೆ. ಹತ್ತು ವರ್ಷ ಆದ ಮೇಲೆ ನಾವು "ಅವನಿಗೆ ಮಹತ್ವಾಕಾಂಕ್ಷೆ ಇರಲಿಲ್ಲ" ಅಂತ ತೀರ್ಪು ಕೊಡ್ತೇವೆ.

ಇನ್ನು ಸಂದರ್ಶನದ ಕೋಣೆ. ಅಲ್ಲಿ ಬರುವ ಒಂದು ಪ್ರಶ್ನೆ ನಿಮಗೆಲ್ಲ ಗೊತ್ತು. "ಅಪ್ಪ ಏನು ಮಾಡ್ತಾರೆ?" ನನ್ನನ್ನೂ ಕೇಳಿದ್ದರು. "ಬ್ಯಾಂಕಲ್ಲಿ" ಅಂದೆ. ಕೇಳಿದವರ ಮುಖ ಸಡಿಲವಾಯ್ತು, ಮಾತು ಸಲೀಸಾಯ್ತು. ಸಹಜ ಪ್ರಶ್ನೆ ಅಂತೀರಾ? ಸಮಾಜಶಾಸ್ತ್ರಜ್ಞ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳಲ್ಲಿ ನೇಮಕ ಮಾಡುವವರನ್ನೇ ಮಾತಾಡಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ನಾವು ನೋಡೋದು ಅರ್ಹತೆ ಮಾತ್ರ ಅಂತ ಹೇಳಿದವರೇ, ಅಭ್ಯರ್ಥಿಯ ಮನೆತನದ ಹಿನ್ನೆಲೆ ಕೇಳ್ತೇವೆ ಅಂತಲೂ ಒಪ್ಪಿಕೊಂಡ್ರು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಪರೀಕ್ಷೆಯ ಫಲಿತಾಂಶ ಕೊಟ್ರು. ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ವಿದ್ಯಾರ್ಹತೆಯ ಅರ್ಜಿಗಳು. ಬದಲಾಯಿಸಿದ್ದು ಹೆಸರು ಮಾತ್ರ. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಸಂದರ್ಶನದ ಕುರ್ಚಿವರೆಗೆ ಬರೋ ಮೊದಲೇ ಕಥೆ ಮುಗಿದಿರುತ್ತೆ ಸ್ವಾಮಿ!

ಹಾಗಾದ್ರೆ ಇದು ಹಣೆಬರಹವೇ? ಖಂಡಿತ ಅಲ್ಲ. ಅದಕ್ಕೆ ಸಾಕ್ಷಿಯೂ ನಮ್ಮ ಜಿಲ್ಲೆಯಲ್ಲೇ ಇದೆ.

ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಗೇಣಿ ಅಳೆಯುತ್ತಿದ್ದ ಚಾಲಗೇಣಿಯ ಒಕ್ಕಲುಗಳು, 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಉಳುತ್ತಿದ್ದ ಗದ್ದೆಗೇ ಒಡೆಯರಾದ್ರು. ಅಳೆದು ಕೊಡುತ್ತಿದ್ದ ಅಕ್ಕಿ ಮನೆಯಲ್ಲೇ ಉಳೀತು. ಮಕ್ಕಳು ಏಳನೇ ಕ್ಲಾಸಿಗೆ ಬಿಟ್ಟು ಬೊಂಬಾಯಿ ಹೋಟೆಲಿಗೆ ಹೋಗೋದು ತಪ್ಪಿ, ಹತ್ತನೇ ಕ್ಲಾಸು, ಡಿಗ್ರಿ ಅಂತ ಮುಂದೆ ಹೋಗೋದಕ್ಕೆ ದಾರಿ ಆಯ್ತು. ಕಾಯುವ ತಾಕತ್ತನ್ನು ಒಂದು ಕಾನೂನು ಕೊಡಬಹುದು ಅಂತ ತೋರಿಸಿದ ಜಾಗ ಇದು.

ಆದರೆ ಗೇಣಿ ಚೀಟಿಯೇ ಇಲ್ಲದೆ ಕೂಲಿಗೆ ದುಡಿದವರಿಗೆ ಆ ಕಾಯ್ದೆಯಲ್ಲಿ ಉಳಲು ಸಿಕ್ಕಿದ್ದೇನು? ಬುಟ್ಟಿ ಹೆಣೆದು ಬದುಕಿದ ಕೊರಗ ಸಮುದಾಯವನ್ನೇ ತಗೊಳ್ಳಿ. ಅವರನ್ನು ಮನುಷ್ಯರಂತೆ ಕಾಣದ ಅಜಲು ಪದ್ಧತಿಯನ್ನು ನಿಷೇಧಿಸೋದಕ್ಕೆ ರಾಜ್ಯ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯ್ತು. ಮೊನ್ನೆ ಮೊನ್ನೆಯ ಮಾತು ಇದು. ಆ ಮನೆಯ ಮಗುವಿಗೂ ಡಾಕ್ಟರ ಮನೆಯ ಮಗುವಿಗೂ ಒಂದೇ ಗೆರೆಯಿಂದ ಓಟ ಶುರು ಅಂದ್ರೆ, ಅದು ನ್ಯಾಯವೇ?

ಅಂತಸ್ತಿನ ಲೆಕ್ಕ ಮೇಲಿನವರನ್ನೂ ಬಿಡೋದಿಲ್ಲ ಅನ್ನೋದು ಇನ್ನೊಂದು ತಮಾಷೆ. ಮಲ್ಪೆಯಿಂದ ಬೋಟು ಹೊರಡಿಸುವ ತಂಡೇಲನನ್ನು ನೋಡಿ. ಗಾಳಿ, ನೀರಿನ ಸೆಳೆತ, ಮೀನಿನ ಜಾಡು, ಆಳುಗಳ ಜೀವ, ಎಲ್ಲ ಅವನ ತಲೆಯಲ್ಲಿ. ಆದರೆ ಹೆಣ್ಣು ನೋಡಲು ಹೋದಾಗ ಬೆಲೆ ಜಾಸ್ತಿ ಯಾರಿಗೆ? ಅವನ ಅರ್ಧದಷ್ಟೂ ದುಡಿಯದ, ಕೊರಳಿಗೆ ಐಡಿ ಕಾರ್ಡ್ ಹಾಕಿದ ಹುಡುಗನಿಗೆ. ಅತ್ತ ಎಂಜಿನಿಯರ್ ಮನೆಯ ಮಗ ಅಡುಗೆ ಕಲೀತೇನೆ, ಬಡಗಿ ಕೆಲಸ ಕಲೀತೇನೆ ಅಂದ್ರೆ ಮನೆಯವರು ಬಂಧುಗಳಿಗೆ ಮುಖ ತೋರಿಸೋದು ಹೇಗೆ ಅಂತಾರೆ. ಉಡುಪಿ ಹೋಟೆಲಿನಿಂದ ಲೋಕಕ್ಕೆಲ್ಲ ಗೊತ್ತಾದ ಊರಿನಲ್ಲಿ ಈ ಮಾತು!

ಏನು ಮಾಡಬಹುದು? ಭಾಷಣ ಬಿಟ್ಟು ಮೂರು ಮಾತು ಹೇಳ್ತೇನೆ.

ಕಂಪನಿಗಳಿಗೆ: ಅರ್ಜಿಯಿಂದ ತಂದೆಯ ಉದ್ಯೋಗದ ಕಾಲಂ ತೆಗೀರಿ. ಕೆಲಸ ಮಾಡೋದು ಮಗ, ಅಪ್ಪ ಅಲ್ಲ. ಇಂಟರ್ನ್‌ಶಿಪ್ ಅಂದ್ರೆ ಸಂಬಳ ಕೊಡಿ.

ಕಾಲೇಜುಗಳಿಗೆ: ಎಷ್ಟು ಲಕ್ಷದ ಪ್ಯಾಕೇಜ್ ಅಂತ ಫ್ಲೆಕ್ಸ್ ಹಾಕ್ತೀರಲ್ಲ, ಅದರಲ್ಲಿ ಮನೆಯಲ್ಲಿ ಮೊದಲ ಬಾರಿ ಡಿಗ್ರಿ ಕಂಡವರು ಎಷ್ಟು ಮಂದಿ ಅಂತಲೂ ಹಾಕಿ.

ಮೂರನೆಯದು ನಮ್ಮ ಊರಿನ, ಮುಂಬೈಯ, ಗಲ್ಫ್‌ನ ಸಂಘ ಸಂಸ್ಥೆಗಳಿಗೆ. ಪ್ರತಿಭಾ ಪುರಸ್ಕಾರ ಅಂತ ಶಾಲು, ಹಾರ, ಸ್ಮರಣಿಕೆ ಕೊಡ್ತೀರಿ. ವಿದ್ಯಾರ್ಥಿವೇತನವನ್ನೂ ಕೊಡ್ತೀರಿ, ನಿಮಗೆ ಕೈಮುಗೀತೇನೆ. ಆದರೆ ಅದು ಡಿಗ್ರಿ ಕೈಗೆ ಬಂದ ದಿನ ನಿಲ್ಲುತ್ತೆ. ಬಡವರ ಮಕ್ಕಳು ಸೋಲೋದು ಅದರ ಮಾರನೇ ದಿನದಿಂದ. ಹತ್ತು ಮಕ್ಕಳಿಗೆ ಶಾಲು ಹೊದೆಸುವ ಬದಲು ಇಬ್ಬರಿಗಾದರೂ ಡಿಗ್ರಿ ನಂತರದ ಒಂದು ವರ್ಷದ ಊಟ, ಬಾಡಿಗೆ, ಸಾಲದ ಕಂತು ನೋಡ್ಕೊಳ್ಳಿ. "ಒಂದು ವರ್ಷ ನೋಡು ಮಗಾ, ನಾವಿದ್ದೇವೆ" ಅಂತ ಹೇಳಿ.

ಇದು ಆಗದ ಮಾತು ಅನ್ನಬೇಡಿ. 1928ರಲ್ಲಿ ಇದೇ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ ಪಿಗ್ಮಿ ಶುರು ಮಾಡ್ತು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ಸಂಗ್ರಹ. ಬಡವನ ಎರಡಾಣೆಯೂ ಬಂಡವಾಳ ಆಗುತ್ತೆ ಅಂತ ಅವರಿಗೆ ಕಂಡಿತ್ತು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯ್ತು. ಆದರೆ ಚಿಕ್ಕ ಚಿಕ್ಕದು ಕೂಡಿಸಿ ದೊಡ್ಡದು ಮಾಡುವ ಬುದ್ಧಿ ಊರಲ್ಲೇ ಉಳಿದಿದೆಯಲ್ಲ? ಆಗ ದುಡ್ಡು ಕೂಡಿಸಿದ್ವಿ. ಈಗ ನಮ್ಮ ಮಕ್ಕಳಿಗೆ ಸಮಯ ಕೂಡಿಸಿ ಕೊಡೋಣ.

ಮಾರ್ಕಿನಲ್ಲಿ ಜಿಲ್ಲೆ ಮೊದಲು ಬಂದದ್ದು ಸಾಕಷ್ಟು ಸಲ ಆಯ್ತು. ಆ ಮಾರ್ಕಿಗೆ ತಕ್ಕ ಕೆಲಸ, ಯಾರ ಮನೆಯ ಮಗು ಅಂತ ಕೇಳದೆ ಸಿಗುವ ಜಿಲ್ಲೆಗಳಲ್ಲಿ ಉಡುಪಿ ಮೊದಲು ಬಂದ ದಿನ, ಆ ಸುದ್ದಿ ಓದೋದಕ್ಕೆ ನನಗೆ ಬಹಳ ಆಸೆ ಇದೆ.